ಸಾಕಮ್ಮನ ಇನ್ನೊಂದು ಹೆಸರು

ಹುಲಿಕಲ್ಲಿನ ಸಾಕಮ್ಮನಿಗೆ ತನ್ನ ಹೆಸರಿನ ಮೇಲೆ ಮೊದಲಿನಿಂದಲೂ ಮುನಿಸು. ಹೆಣ್ಣು ಹೆತ್ತು ಹೆತ್ತು ಬೇಸತ್ತ ಅವ್ವ ‘ಇನ್ನು ಸಾಕು’ ಎಂದು ಇಟ್ಟ ಹೆಸರು ಅದೆಂದು ಅಕ್ಕಂದಿರು ಕೆಣಕುತ್ತಿದ್ದರು. ಮಗಳು ವಿನಯಾ ಬಾಣಂತನಕ್ಕೆ ಬಂದು ಕೂಸಿಗೆ ಹೆಸರು ಹುಡುಕತೊಡಗಿದಾಗ ಆ ಹಳೆಯ ನೋವು ಮತ್ತೆ ಕೆರಳಿತು.

ಇನ್ನೊಂದು ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಚ್ಚಂಜೆಯಲ್ಲಿ ಮಂಜು ಇಳಿದಾಗ ಹಿತ್ತಿಲಾಚೆಯ ಕಾಡಿನಿಂದ ಹೆಣ್ಣುದನಿಯೊಂದು “ಬೆಳ್ಳೀ...” ಎಂದು ಕೂಗುವುದು ಅವಳಿಗೆ ಚಿಕ್ಕಂದಿನಿಂದಲೂ ಕೇಳುತ್ತಿತ್ತು. ಅವ್ವ ಬದುಕಿದ್ದಾಗ ಅವಳ ಕಿವಿ ಮುಚ್ಚಿ, “ಓಗೊಡಬ್ಯಾಡ” ಎನ್ನುತ್ತಿದ್ದಳು. ಅವ್ವ ಹೋದ ಮೇಲೆ ಆ ದನಿ ಬೇರೆ ಯಾರಿಗೂ ಕೇಳಿದ್ದಿಲ್ಲ.

“ಅಮ್ಮಾ, ಬೆಳ್ಳಿ ಅಂತ ಇಟ್ರೆ ಹೆಂಗೆ?” ಎಂದಳು ವಿನಯಾ ಒಂದು ಸಂಜೆ. “ಹಿಂದ್ಗಡೆ ಯಾರೋ ಕೂಗ್ತಿದ್ರು. ಚಂದ ಅನ್ನಿಸ್ತು.”

ಸಾಕಮ್ಮ ಎದ್ದು ಹೋಗಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದಳು.

ಮರುದಿನವೇ ಬಸ್ಸು ಹತ್ತಿ, ರಿಪ್ಪನ್‌ಪೇಟೆಯಲ್ಲಿದ್ದ ಚಿಕ್ಕಮ್ಮ ಕೆರಿಯಮ್ಮನ ಮುಂದೆ ಹೋಗಿ ಕೂತಳು. ಮುದುಕಿ ಎಲ್ಲ ಕೇಳಿಸಿಕೊಂಡು ಬಾಯಿಬಿಟ್ಟಳು.

“ಸಾಕು ಅಂತಲ್ಲ ಕಣೇ. ಸಾಕಿದ್ದು ಅಂತ. ಘಾಟಿಯಲ್ಲಿ ಸಿಕ್ಕಿದ, ಆಗಷ್ಟೇ ನಡೆಯೋಕೆ ಕಲಿತಿದ್ದ ಕೂಸು ನೀನು. ಹೆತ್ತೋಳು ಪಕ್ಕದಲ್ಲೇ ಸತ್ತು ಬಿದ್ದಿದ್ಲು. ಮಣ್ಣು ಮಾಡಿದ ಸಂಜೆಯಿಂದ್ಲೇ ಕರೆಯೋಕೆ ಶುರುವಾಯ್ತು. ನೀನು ಎದ್ದೆದ್ದು ಓಡ್ತಿದ್ದೆ. ಅದಕ್ಕೇ ನಿನ್ನವ್ವ, ಇವಳು ನನ್ನ ಸಾಕುಮಗಳು ಅಂತ ಕಾಡಿಗೆ ಕೇಳೋ ಹಂಗೆ ಸಾರಿ ಈ ಹೆಸರಿಟ್ಲು. ನಿಂಗೆ ಹೇಳಬಾರ್ದು ಅಂತ ನಮಗೆಲ್ಲ ಆಣೆ ಹಾಕಿಸಿದ್ಲು.”

“ಈಗ ನನ್ನ ಮಗಳಿಗ್ಯಾಕೆ ಕೇಳ್ತು?”

“ಹೆತ್ತೋಳ ಲೆಕ್ಕದಲ್ಲಿ ನೀನಿನ್ನೂ ಕೂಸೇ ಅಲ್ವಾ? ಮನೇಲಿ ಕೂಸಿನ ಅಳು ಕೇಳ್ತು. ನೀನೇ ಅಂದ್ಕಂಡು ಹತ್ರ ಬಂದಿರ್ಬೇಕು.”

ಸಾಕಮ್ಮ ಮನೆ ಮುಟ್ಟುವಷ್ಟರಲ್ಲಿ ಮಂಜು ಕವಿದಿತ್ತು. ಒಳಗೆ ಕೂಸು ಅಳುತ್ತಿತ್ತು. ಕೂಗು ಬೇಲಿಯವರೆಗೂ ಬಂದಿತ್ತು.

“ಬೆಳ್ಳೀ...”

ಅವಳು ಹಿತ್ತಿಲಿಗೆ ಇಳಿದು, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು.

“ಓ,” ಎಂದಳು, ಜೀವಮಾನದಲ್ಲಿ ಮೊದಲ ಸಲ. “ಬೆಳ್ಳಿ ನಾನು. ಒಳಗಿರೋದು ನನ್ನ ಮೊಮ್ಮಗಳು.”

ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಬೇಲಿಯ ಗಿಡಗಳು ತಾವಾಗಿ ಸರಿದವು. ಯಾರೂ ಕಾಣಲಿಲ್ಲ, ಅಗೆದ ಮಣ್ಣಿನ ವಾಸನೆ ಮಾತ್ರ ಹತ್ತಿರ ಹತ್ತಿರ ಬಂತು. ತಣ್ಣನೆಯ ಬೆರಳುಗಳು ಅವಳ ನರೆಗೂದಲನ್ನು, ಸುಕ್ಕುಗಟ್ಟಿದ ಕೆನ್ನೆಯನ್ನು ಮೆಲ್ಲಗೆ ತಡವಿದವು.

“ಇಷ್ಟು ದೊಡ್ಡೋಳಾದ್ಯಾ?” ಎಂದಿತು ದನಿ.

ಸಾಕಮ್ಮ ಕದಲದೆ ನಿಂತಳು. ಓಡಬೇಕೆನಿಸಲಿಲ್ಲ.

ಕೂಸಿಗೆ ಲಿಖಿತಾ ಎಂದು ಹೆಸರಿಟ್ಟರು. ಕೂಗು ಮತ್ತೆ ಕೇಳಿಬರಲಿಲ್ಲ. ಆದರೆ ಮಂಜು ಇಳಿದ ಸಂಜೆಗಳಲ್ಲಿ ಸಾಕಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂದಲು ಬಿಚ್ಚಿ ಕೂರುತ್ತಾಳೆ, ಬೆನ್ನ ಹಿಂದೆ ಯಾರೋ ತಲೆ ಬಾಚುತ್ತಿರುವಂತೆ ಕತ್ತು ತುಸು ಬಾಗಿಸಿ. ವಿನಯಾ ಆ ಹೊತ್ತಿನಲ್ಲಿ ಹಿತ್ತಿಲಿಗೆ ಹೋಗುವುದಿಲ್ಲ.