ನಾಯಿಗಳು ತಿಂದ ಮೆಟ್ಟು

ಮರ್ಡೊನ ನಾಯಿಗಳಿಗೆ ಪುಣ್ಯ ಬರಲಿ. ಆ ಕೋಟೆಯಲ್ಲಿ ನ್ಯಾಯ ಮಾಡಿದ್ದು ಅವು ಮಾತ್ರ.

ಕೋಟೆ ಎನ್ನುತ್ತಿದ್ದವನು ಅವನೇ. ಸರೋವರದ ದಡದಲ್ಲಿ ಮೂರು ಮರದ ಮನೆ, ಸುತ್ತ ಒಂದು ಬೇಲಿ. ಅದಕ್ಕೆ ಕೋಟೆಯೆಂಬ ಹೆಸರು, ಇವನಿಗೆ ದಣಿಯೆಂಬ ಹೆಸರು. ಕಡಲಾಚೆಯಿಂದ ತುಪ್ಪುಳದ ವ್ಯಾಪಾರಕ್ಕೆಂದು ಬಂದಾಗ ಈ ದಣಿಗೆ ಹಸಿ ಸೌದೆಯಲ್ಲಿ ಬೆಂಕಿ ಹಚ್ಚಲೂ ಬರುತ್ತಿರಲಿಲ್ಲ. ನನ್ನ ಅಕ್ಕನ ಮಗಳು ವಾಪನ್ ಅವನ ಕೈ ಹಿಡಿದಳು. ನಮ್ಮ ಕ್ರೀ ಜನರ ಪದ್ಧತಿಯಂತೆ ಅವಳಪ್ಪನೆದುರು ಕೂತು ಹೊಗೆ ಸೇದಿ, ಇವಳು ನನ್ನ ಹೆಂಡತಿ ಎಂದು ಅವನೇ ಬಾಯಿಬಿಟ್ಟು ಹೇಳಿದ್ದ.

ಅಲ್ಲಿಂದ ಮುಂದೆ ಅವನನ್ನು ಬದುಕಿಸಿದ್ದು ಅವಳು. ಬೀವರ್ ಎಂಬ ನೀರುಪ್ರಾಣಿಯ ಚರ್ಮ ಕೆರೆದು ಹದ ಮಾಡುತ್ತಿದ್ದಳು, ಮೊಲಕ್ಕೆ ಉರುಳು ಹಾಕುತ್ತಿದ್ದಳು, ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆ ಒಡೆದು ಬಲೆಯ ಮೀನು ಬಿಡಿಸುವಷ್ಟರಲ್ಲಿ ಬೆರಳು ಸೆಟೆದುಹೋಗುತ್ತಿದ್ದವು. ಒಂದು ಚಳಿಗಾಲ ಮೀನೂ ಸಿಗಲಿಲ್ಲ. ಬಂಡೆಯ ಮೇಲಿನ ಹಾವಸೆ ಕೆರೆದು ಬೇಯಿಸಿ ಅವನ ಬಾಯಿಗೆ ಹಾಕಿದಳು. ಅವಳು ಕೆರೆದ ಚರ್ಮ ಟೋಪಿಯಾಗಿ ಅವನ ಊರಿನ ದೊಡ್ಡವರ ತಲೆ ಏರುತ್ತದಂತೆ. ಏರಲಿ, ಹೇನು ಬೀಳಲಿ.

ಇನ್ನು ಹಿಮದ ಮೆಟ್ಟು. ನಮ್ಮಲ್ಲಿ ಮರ ಬಾಗಿಸಿ ಉದ್ದನೆಯ ಚೌಕಟ್ಟು ಮಾಡುವುದು ಗಂಡಸು. ಅದರ ನಡುವೆ ಜಿಂಕೆಯ ಹಸಿತೊಗಲಿನ ಎಳೆಯಿಂದ ಜಾಲ ಹೆಣೆಯುವುದು ಹೆಂಗಸು. ಅದನ್ನು ಕಾಲಿಗೆ ಕಟ್ಟದೆ ಹೊಸ ಹಿಮಕ್ಕಿಳಿದರೆ ಸೊಂಟದವರೆಗೆ ಹೂತುಹೋಗುತ್ತೀರಿ. ಸಂಜೆ ಗಂಡಸರು ಮೆಟ್ಟು ಕಳಚಿ ಬಾಗಿಲಲ್ಲೇ ಎಸೆಯುತ್ತಾರೆ. ಹೆಂಗಸರು ಅದನ್ನೆತ್ತಿ ಎತ್ತರದ ಕೊಂಬೆಗೆ ನೇತುಹಾಕುತ್ತಾರೆ. ಹಸಿದ ನಾಯಿಗೆ ಅದು ಮೆಟ್ಟಲ್ಲ, ಒಣಮಾಂಸ.

ಈ ಸಲ ಮರ್ಡೊಗೆ ಕಡಲತಡಿಯ ದೊಡ್ಡ ಕೋಟೆಗೆ ಬಡ್ತಿಯಾಯಿತು. ಬೇಸಿಗೆಯ ಹಡಗಿನಲ್ಲಿ ಅವನಿಗೊಬ್ಬಳು ಬಿಳಿ ಹೆಂಡತಿಯೂ ಬರುವವಳಿದ್ದಳು. ಹೊಸವರ್ಷದ ಹಿಂದಿನ ದಿನ ಅಂಗಳದಲ್ಲಿ ಎಲ್ಲರೆದುರು ಹೇಳಿದ.

"ವಾಪನ್, ನಾಡಿದ್ದು ನಾನು ಹೊರಡ್ತೀನಿ, ವಾಪಸ್ ಬರಲ್ಲ. ತೂಸಾನ್ ಒಳ್ಳೇವ್ನು. ಇನ್ಮೇಲೆ ಅವನ ಜೊತೆ ಇರು."

ತೂಸಾನ್ ಅವನ ದೋಣಿಯಾಳು. ಹೊರೆ ಹೊತ್ತು ಹೊತ್ತು ಬೆನ್ನು ಗೂನಾದವನು. ಪಾಪ, ಅವನ ಮುಖ ಕೆಂಪಗಾಯಿತು. "ದಣಿ, ಚರ್ಮದ ಮೂಟೆ ಕೊಡಿ, ಹೊರ್ತೀನಿ. ಹೆಂಗಸು ಮೂಟೆ ಅಲ್ಲ. ಇಂಥದ್ದೆಲ್ಲ ನನ್ನ ಹೆಗಲಿಗೆ ಹಾಕ್ಬೇಡಿ."

ವಾಪನ್ ಒಂದೇ ಮಾತು ಕೇಳಿದಳು. "ಮಗು?"

"ಇಸಬೆಲ್ಲಾ ನನ್ನ ಜೊತೆ ಬರ್ತಾಳೆ. ಹಡಗು ಹತ್ತಿಸ್ತೀನಿ. ನಮ್ಮಕ್ಕನ ಮನೇಲಿ ಓದು ಬರಹ ಕಲೀಲಿ. ನಿನ್ನ ಹತ್ರ ಏನ್ ಕಲೀತಾಳೆ, ಚರ್ಮ ಕೆರೆಯೋದಾ?"

ನಾಲ್ಕು ವರ್ಷದ ಕೂಸು ಅದು. ಬಾತುಕೋಳಿಯ ಹಾಗೆ ಓಲಾಡುತ್ತ ನಡೆಯುತ್ತದೆಂದು ನಾವು ಶೀಶೀಪ್ ಎನ್ನುತ್ತಿದ್ದೆವು. ಬಾತು ಎಂದೇ ಅರ್ಥ. ಅದನ್ನು ಕಡಲಾಚೆ ಕಳಿಸುತ್ತಾನಂತೆ!

ನನ್ನ ಮೈಯೆಲ್ಲ ಉರಿದುಹೋಯಿತು. "ಏನಪ್ಪಾ ಅಳಿಯದೇವ್ರು, ಆ ಕೆರೆದ ಚರ್ಮದಿಂದ್ಲೇ ಅಲ್ವಾ ನಿನ್ನ ಹೊಟ್ಟೆ ತುಂಬಿದ್ದು? ಹೊಳೆ ದಾಟಿದ್ಮೇಲೆ ಅಂಬಿಗನ ಹಂಗೇನು ಅಂತಾನಾ?"

"ಅತ್ತೆ, ನೀನು ಮಧ್ಯೆ ಬಾಯಿ ಹಾಕ್ಬೇಡ," ಎಂದವನೇ ಮಗುವನ್ನು ಒಳಗೆಳೆದುಕೊಂಡು ಅಗುಳಿ ಹಾಕಿದ.

ವಾಪನ್ ಕೈ ಬಾಯುವವರೆಗೆ ಬಾಗಿಲು ಬಡಿದಳು. ಕೊನೆಗೆ ಬೇಲಿಯಾಚೆಯ ನನ್ನ ಗುಡಾರಕ್ಕೆ ಎಳೆದುಕೊಂಡು ಬಂದೆ. ಒಳಗೆ ಮಗು ಅಳುವುದು ಅಲ್ಲಿಗೂ ಕೇಳಿಸುತ್ತಿತ್ತು. ಅವಳು ಉಣ್ಣಲಿಲ್ಲ.

ಮಾರನೆಯ ದಿನ ಗಂಡಸರಿಗೆ ಹೊಸವರ್ಷದ ಹಬ್ಬ. ಹೆಂಡ, ಪಿಟೀಲು, ಕುಣಿತ. ಹೊರಗೆ ಒಂದೇ ಸಮನೆ ಹಿಮ. ನಾಯಿಗಳಿಗೆ ಮೀನು ಹಾಕುವ ನೆನಪು ಯಾವ ಕುಡುಕನಿಗಿದ್ದೀತು? ಮೆಟ್ಟುಗಳು ಬಾಗಿಲಲ್ಲಿ ಎಸೆದಲ್ಲೇ ಬಿದ್ದಿದ್ದವು. ಎತ್ತಿಡುವ ಕೈಯನ್ನು ಅವನೇ ಹೊರಗಟ್ಟಿದ್ದನಲ್ಲ.

ಬೆಳಿಗ್ಗೆ ಮರ್ಡೊ ಅರಚಿಕೊಂಡದ್ದು ಕೇಳಿ ಎದ್ದೆ. ಅಷ್ಟೂ ಜನರ ಮೆಟ್ಟಿನಲ್ಲಿ ಉಳಿದದ್ದು ಬರೀ ಚೌಕಟ್ಟು. ಜಾರುಬಂಡಿಯ ತೊಗಲಪಟ್ಟಿಯನ್ನೂ ನಾಯಿಗಳು ಬಿಟ್ಟಿರಲಿಲ್ಲ. ಪಕ್ಕೆ ನೋಯುವಷ್ಟು ನಕ್ಕೆ.

ಸಲಿಕೆಯಿಂದ ಹಿಮ ಬಗೆದು ದಾರಿ ಮಾಡಿಕೊಂಡು ಬೆವರುತ್ತ ಬಂದ. ಬೆನ್ನಿಗೆ ಕಟ್ಟಿದ ಖಾಲಿ ಚೌಕಟ್ಟುಗಳು, ಹೆಗಲ ಮೇಲೆ ಹೊಸ ಕೆಂಪು ಕಂಬಳಿ.

"ವಾಪನ್, ಇದನ್ನ ಹೆಣೆದುಕೊಡು. ಬಲೆ ಹತ್ರ ಹೋಗೋಕಾಗ್ತಿಲ್ಲ, ತಿನ್ನೋಕೆ ಏನೂ ಇಲ್ಲ."

"ನೀನೇ ಹೆಣ್ಕೋ. ಇಷ್ಟು ವರ್ಷ ನೋಡಿದ್ದೀಯಲ್ಲ."

"ನಾನು ನೋಡಿಲ್ಲ," ಎಂದ.

ಅಷ್ಟು ವರ್ಷದಲ್ಲಿ ಅವನಾಡಿದ ನಿಜವಾದ ಮಾತು ಅದೊಂದೇ ಇರಬೇಕು. ಕೊಂಬೆಯಲ್ಲಿ ತೂಗುತ್ತಿದ್ದ ನಮ್ಮಿಬ್ಬರ ಮೆಟ್ಟಿನ ಮೇಲೆ ಅವನ ಕಣ್ಣು ಬಿತ್ತು. "ಹಾಕ್ಕೊಳಪ್ಪ," ಎಂದೆ. "ಹೆಂಗಸರ ಅಳತೇದು. ನಿನ್ನ ಭಾರಕ್ಕೆ ಎರಡು ಹೆಜ್ಜೆ ತಡೆದ್ರೆ ನನ್ನ ಮೂಗು ಕೊಯ್ಸ್ಕೋತೀನಿ."

ವಾಪನ್ ಎದ್ದು ಕೂತಳು. "ಶೀಶೀಪ್‌ನ ಕರ್ಕೊಂಬಾ. ಅವಳು ಪಕ್ಕದಲ್ಲಿದ್ರೆ ಹೆಣೀತೀನಿ."

"ಹೆಣೆಯೋವರೆಗೆ ಮಾತ್ರ."

"ಕರ್ಕೊಂಬಾ ಅಂದೆ."

ಹಸಿವು ಎಂಥ ದಣಿಯನ್ನೂ ಬಗ್ಗಿಸುತ್ತದೆ. ಮಗುವನ್ನು ತಂದು ಬಿಟ್ಟ. ಅದು ಅಮ್ಮನ ಕುತ್ತಿಗೆ ಹಿಡಿದದ್ದು ಬಿಡಲೇ ಇಲ್ಲ. ನಾನು ತೊಗಲು ಸೀಳಿ ನೆನೆಸಿ ಕೊಟ್ಟೆ, ಅವಳು ಹೆಣೆದಳು. ಒಂದು ಎಳೆಯನ್ನೂ ಸಡಿಲ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಮರ್ಡೊ, ತೂಸಾನ್ ಇಬ್ಬರೂ ಬಂದರು. ವಾಪನ್ ಒಂದು ಜೊತೆ ಮೆಟ್ಟು ತೆಗೆದು ತೂಸಾನ್‌ನ ಮುಂದಿಟ್ಟಳು. "ನಿನ್ನ ಪಾದಕ್ಕೆ ಮಾಡಿದ್ದು ಕಣಣ್ಣ. ಬಲೆ ನೋಡು. ಯಾರೂ ಹಸ್ಕೊಂಡು ಸಾಯ್ಬೇಡಿ."

"ನಂದು?" ಎಂದ ಮರ್ಡೊ.

"ಬೇಸಿಗೇಲಿ ನಿನ್ನ ಹೆಂಡ್ತಿ ಬರ್ತಾಳಲ್ಲ, ಹೆಣೆದುಕೊಡ್ತಾಳೆ."

ನಾವಿಬ್ಬರೂ ಮೆಟ್ಟು ಕಟ್ಟಿದೆವು. ಶೀಶೀಪ್ ಅಮ್ಮನ ಬೆನ್ನೇರಿದಳು. ವಾಪನ್ ಅಪ್ಪನ ಬೀಡು ಸರೋವರದ ತುದಿಯಲ್ಲಿದೆ, ಅಲ್ಲಿಗೆ ಹೊರಟೆವು. ಮರ್ಡೊಗೆ ಆಗ ಅರ್ಥವಾಯಿತು. ಬಗೆದ ದಾರಿ ಬಿಟ್ಟು ನಮ್ಮ ಕಡೆ ಹಾರಿದ. ಸೊಂಟದವರೆಗೆ ಹೂತು ನಿಂತ.

"ತೂಸಾನ್! ಹಿಡಿಯೋ ಅವಳನ್ನ! ಮಗೂನ ಕಿತ್ಕೊಂಬಾರೋ!"

ನಮ್ಮನ್ನು ಹಿಡಿಯಬಲ್ಲವನು ಅವನೊಬ್ಬನೇ. ವಾಪನ್‌ಳ ಕೈ ಬೆನ್ನ ಮೇಲಿನ ಮಗುವನ್ನು ಬಿಗಿಯಾಗಿ ಹಿಡಿಯಿತು. ತೂಸಾನ್ ಬಗ್ಗಿ ಮೆಟ್ಟಿನ ಪಟ್ಟಿ ಬಿಗಿದ. ಮಗುವನ್ನು ನೋಡಿದ, ದಣಿಯನ್ನೂ ನೋಡಿದ.

"ಮೊದ್ಲು ಬಲೆ ನೋಡ್ಬೇಕು ದಣಿ, ಹೊಟ್ಟೆ ಹಸ್ದಿದೆ," ಎಂದು ಸರೋವರದತ್ತ ನಡೆದ.

ವಾಪನ್ ತಿರುಗಿ ನೋಡಲಿಲ್ಲ. ನಾನು ನೋಡಿದೆ. ನಿಂತು, ಹಿಮದಲ್ಲಿ ಹೂತ ದಣಿಯನ್ನು ಹೊಟ್ಟೆ ತುಂಬ ನೋಡಿದೆ.