ಒಪ್ಪಿಕೊಳ್ಳುವ ಟೀಚರ್

ನನ್ನನ್ನು ಕೆಲಸದಿಂದ ತೆಗೆಯುವುದು ಹೇಗೆ ಅಂತ ನನ್ನ ನಾದಿನಿಗೆ ಹೇಳಿಕೊಟ್ಟವಳು ನಾನೇ. ಅದೂ ನಮ್ಮ ಅಡುಗೆಮನೆಯಲ್ಲಿ, ಒಲೆಯ ಮೇಲೆ ಹಾಲಿಟ್ಟುಕೊಂಡು.

ನಾವಿಬ್ಬರೂ ಒಂದೇ ಶಾಲೆಯಲ್ಲಿ ಟೀಚರುಗಳು. ಅವಳದು ವಿಜ್ಞಾನ, ನನ್ನದು ಚಿತ್ರಕಲೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಆ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವಳು ನಾನು. ಅದಕ್ಕೇ ಅತ್ತಿಗೆ ಅನ್ನುತ್ತಾಳೆಯೇ ಹೊರತು ನಮ್ಮ ನಡುವೆ ನೀವು ತಾವು ಏನೂ ಇಲ್ಲ. ಹೋದ ವರ್ಷ ಅವಳಿಗೆ ಹೆಡ್‌ಮಿಸ್ ಆಗುವ ಹುಚ್ಚು ಹಿಡಿಯಿತು. "ಇನ್ನೊಬ್ಬರು ಹಾಕಿದ ಟೈಮ್‌ಟೇಬಲ್‌ಗೆ ಎಷ್ಟು ದಿನ ಅಂತ ಕುಣಿಯೋದು ಅತ್ತಿಗೆ?" ಅಂದವಳು ಶಾಲಾ ಆಡಳಿತದ ಸ್ನಾತಕೋತ್ತರ ಕೋರ್ಸಿಗೆ ಸೇರಿಯೇಬಿಟ್ಟಳು. ಹಗಲೆಲ್ಲ ಪಾಠ ಹೇಳಿ, ಸಂಜೆ ಪಾಠ ಕೇಳಿ ಮನೆಗೆ ಬರುವಾಗ ಹಿಂಡಿದ ಬಟ್ಟೆಯಂತೆ ಆಗಿರುತ್ತಿದ್ದಳು.

ಆ ಕೋರ್ಸಿನಲ್ಲಿ 'ಕಷ್ಟದ ಮಾತುಕತೆ' ಅಂತ ಒಂದು ಭಾಗ. ಟೀಚರೊಬ್ಬರನ್ನು ಕರೆದು ಕೂರಿಸಿ, ನಿಮ್ಮ ಕೆಲಸ ಹೋಯಿತು ಅಂತ ಹೇಳುವುದನ್ನು ಕಲಿಸುತ್ತಾರೆ. ಇದಕ್ಕೂ ಪಾಠ, ಇದಕ್ಕೂ ಮಾರ್ಕ್ಸು! ಸುದ್ದಿಯನ್ನು ಮೊದಲೇ ಹೇಳಿಬಿಡಬೇಕಂತೆ. 'ನೀವು ಬೇಡ' ಅನ್ನಬಾರದು, 'ನಿಮ್ಮ ಹುದ್ದೆ ಇರುವುದಿಲ್ಲ' ಅನ್ನಬೇಕು. ಕ್ಷಮಿಸಿ ಅಂತ ಪದೇಪದೇ ಹೇಳಬಾರದು. ಹುದ್ದೆಗೆ ನೋವಾಗುವುದಿಲ್ಲ ನೋಡಿ, ಎಷ್ಟು ಬುದ್ಧಿವಂತರು.

ಅಭ್ಯಾಸಕ್ಕೆ ಯಾರಾದರೂ ಟೀಚರ್ ಆಗಬೇಕಲ್ಲ. ನಾನಾದೆ. ದಿನಕ್ಕೊಂದು ವೇಷ. ಒಂದು ದಿನ ಅಳುವ ಟೀಚರ್. ಇನ್ನೊಂದು ದಿನ ಸೌಟು ಎತ್ತುವ ಜಗಳದ ಟೀಚರ್. "ಅತ್ತಿಗೆ, ಸೌಟೆಲ್ಲ ಎತ್ತಿದ್ರೆ ನಂಗೆ ನಗು ಬರತ್ತೆ," ಅಂತ ಅವಳು ಹೊಟ್ಟೆ ಹಿಡಿದುಕೊಂಡು ನಗುವಳು. ಮೊದಮೊದಲು ಅವಳಿಗೆ ಬಾಯೇ ಬರುತ್ತಿರಲಿಲ್ಲ. ನೆಲ ನೋಡುವಳು, ಉಗುಳು ನುಂಗುವಳು. "ನೆಲಕ್ಕೆ ಹೇಳ್ತಿದ್ದೀಯೇನೇ? ನನ್ನ ಮುಖ ನೋಡಿ ಹೇಳು," ಅಂತ ನಾನೇ ಗದರಿದೆ. ಬರಬರುತ್ತಾ ಪಳಗಿದಳು.

ಅವಳು ಹೆದರುತ್ತಿದ್ದುದು ನನ್ನ ಒಂದು ವೇಷಕ್ಕೆ ಮಾತ್ರ, ಕಾನೂನಿನ ಟೀಚರ್‌ಗೆ. ನಮ್ಮ ಆಡಳಿತ ಮಂಡಳಿಗೆ ಬೇರೆ ಶಾಲೆಗಳೂ ಇವೆ. 'ನನಗೆ ಬೇರೆ ಶಾಲೆಯಲ್ಲಿ ಜಾಗ ಕೊಡಿ' ಅಂತ ಟೀಚರ್ ಆ ಮಾತುಕತೆಯಲ್ಲೇ ಕೇಳಿದರೆ ಮುಗಿಯಿತು, ಮಾತು ಅಲ್ಲಿಗೇ ನಿಲ್ಲಿಸಬೇಕು. ವಿಷಯ ಮಂಡಳಿಗೆ ವಾಪಸ್ ಹೋಗಬೇಕು. ಅವರು ಜಾಗ ಹುಡುಕಲೇಬೇಕು, ಅಲ್ಲಿಯವರೆಗೆ ಟೀಚರನ್ನು ಕೆಲಸದಿಂದ ತೆಗೆಯುವಂತಿಲ್ಲ. ಕೇಳದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರೆ ಮಾತ್ರ ಆಮೇಲೆ ಕೇಳುವ ಹಕ್ಕು ಇಲ್ಲ. ಇದೆಲ್ಲ ಅವಳ ಪುಸ್ತಕದಿಂದಲೇ ನನಗೆ ಗೊತ್ತಾದದ್ದು. ಆ ಒಂದು ಮಾತು ಹೇಳಿದರೆ ಸಾಕು, ಅವಳು ತಡಬಡಾಯಿಸಿ, "ಬೇಡ ಅತ್ತಿಗೆ, ಅದೊಂದು ಕೇಳ್ಬೇಡ, ಮಾತುಕತೆ ಮುಗಿಸಲಿಲ್ಲ ಅಂದ್ರೆ ಮಾರ್ಕ್ಸೇ ಇಲ್ಲ," ಅನ್ನುವಳು. ನಾನು ಬೇಕೆಂದೇ ಕೇಳಿ ಕಾಡುತ್ತಿದ್ದೆ.

ಪ್ರಾಯೋಗಿಕ ತರಬೇತಿಗೆ ಅವಳನ್ನು ನಮ್ಮ ಶಾಲೆಯ ಹೆಡ್‌ಮಾಸ್ತರ ಕೈಕೆಳಗೇ ಹಾಕಿದರು. ಈ ಮನುಷ್ಯನಿಗೆ ನಾವಿಟ್ಟ ಹೆಸರು 'ನೋಡೋಣ'. ನಲ್ಲಿ ಸೋರುತ್ತಿದೆ ಅಂದರೆ ನೋಡೋಣ, ಗಾಜು ಒಡೆದಿದೆ ಅಂದರೆ ನೋಡೋಣ. ಚಿತ್ರಕಲೆಯ ಕೋಣೆಯ ತೊಟ್ಟಿಯಲ್ಲಿ ಬಣ್ಣ ಕಟ್ಟಿಕೊಂಡು ನೀರು ಹೋಗದೆ ಎಷ್ಟು ಕಾಲವಾಯಿತೋ. ಅದನ್ನೂ ಅವರು ನೋಡುತ್ತಲೇ ಇದ್ದರು.

ಆ ಹಾಳು ಕೋಣೆಯೆಂದರೆ ನನಗೆ ಪ್ರಾಣ. ಮಕ್ಕಳ ಹಾಳೆಗಳು ದಾರದ ಮೇಲೆ ಒಣಗುತ್ತಿದ್ದರೆ ಅವುಗಳ ಕೆಳಗೆ ತಲೆ ಬಗ್ಗಿಸಿಕೊಂಡು ಓಡಾಡಬೇಕು. ನನ್ನ ಹತ್ತಿರ ದೊಡ್ಡ ಡಿಗ್ರಿ ಇಲ್ಲ, ಚಿತ್ರಕಲೆಯ ಡಿಪ್ಲೊಮಾ ಒಂದೇ. ಕೂದಲು ನೆರೆತಿದೆ. ಈ ಶಾಲೆ ಬಿಟ್ಟರೆ ಹೊಸದಾಗಿ ಯಾರೂ ನನ್ನನ್ನು ಮೂಸಿಯೂ ನೋಡುವುದಿಲ್ಲ. ಮಕ್ಕಳು ಕಡಿಮೆಯಾಗಿದ್ದಾರೆ, ಯಾರೋ ಒಬ್ಬರನ್ನು ತೆಗೆಯುತ್ತಾರೆ ಅಂತ ಸ್ಟಾಫ್‌ರೂಮಿನಲ್ಲಿ ಗುಸುಗುಸು ಇತ್ತು. ಯಾರೋ ಅಂದರೆ ಬೇರೆ ಯಾರೋ ಅಂತಲೇ ಎಲ್ಲರೂ ಅಂದುಕೊಳ್ಳುವುದು. ನಾನೂ ಹಾಗೆಯೇ ಅಂದುಕೊಂಡೆ.

ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ನಾದಿನಿ ಹೇಳಿದಳು, "ಅತ್ತಿಗೆ, ಇವತ್ತು ಮಧ್ಯಾಹ್ನ ಹೆಡ್ ರೂಮಿಗೆ ಬರಬೇಕು ನೀನು. ಕಷ್ಟದ ಮಾತುಕತೆ. ಅವರು ಕೂತು ನನಗೆ ಮಾರ್ಕ್ಸ್ ಹಾಕ್ತಾರೆ."

"ಹೆದರ್ಕೋಬೇಡ್ವೇ, ನಾನಿದ್ದೀನಲ್ಲ," ಅಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗೇಟಿನ ಮುಂದೆ ಶಾಲೆಯ ಬಸ್ಸು ಬಂತು, ಮಕ್ಕಳ ಗದ್ದಲದಲ್ಲಿ ಅವಳೊಂದು ಕಡೆ ಕೂತಳು, ನಾನೊಂದು ಕಡೆ.

ದಾರಿಯುದ್ದಕ್ಕೂ ನಾನು ಯಾವ ವೇಷ ಹಾಕಲಿ ಅಂತಲೇ ಯೋಚಿಸಿದೆ. ಪಾಪ, ಓದಿ ಓದಿ ಕಣ್ಣು ಗುಳಿಬಿದ್ದಿದೆ. ಇವತ್ತು ಅಳಿಸುವುದೂ ಬೇಡ, ಕಾಡುವುದೂ ಬೇಡ. ಒಪ್ಪಿಕೊಳ್ಳುವ ಟೀಚರ್ ಆಗಿಬಿಡೋಣ, ಸಲೀಸಾಗಿ ಪಾಸಾಗಲಿ.

ಹೆಡ್‌ಮಾಸ್ತರು ಕಿಟಕಿಯ ಹತ್ತಿರ ಪೆನ್ನು ಹಿಡಿದು ಕೂತಿದ್ದರು. ನಾದಿನಿ ಕುರ್ಚಿಯನ್ನು ಎದುರಿಗೆ ಹಾಕದೆ ಪಕ್ಕಕ್ಕೆ ಎಳೆದುಕೊಂಡಳು, ಭೇಷ್! ಒಂದು ಲೋಟ ನೀರು ಇಟ್ಟಳು. ನೆಲ ನೋಡಲಿಲ್ಲ.

"ಬನ್ನಿ ಮೇಡಂ. ನಾನು ಹೇಳೋ ಸುದ್ದಿ ಒಳ್ಳೇದಲ್ಲ. ಮುಂದಿನ ವರ್ಷದಿಂದ ಚಿತ್ರಕಲೆಯ ಹುದ್ದೆ ಇರೋದಿಲ್ಲ."

ನನಗೆ ಹೆಮ್ಮೆಯಾಯಿತು. ನಿಜವಾಗಿ ಹೆಮ್ಮೆಯಾಯಿತು. ಧ್ವನಿ ಎಲ್ಲಿ ನಡುಗಬೇಕೋ ಅಲ್ಲಿ ಮಾತ್ರ ಒಂಚೂರು ನಡುಗಿತು. ನಾನು ತಲೆ ತಗ್ಗಿಸಿ, ಹಣೆ ಮುಟ್ಟಿಕೊಂಡು, ಮೆಲ್ಲಗೆ ಹೇಳಿದೆ: "ಶಾಲೆಗೆ ಕಷ್ಟ ಇದೆ ಅಂದ್ಮೇಲೆ ನಾನೇನು ಹೇಳ್ಲಿ? ಒಪ್ಕೊಂಡೆ."

"ನಿಮಗೆ ಏನಾದ್ರೂ ಕೇಳೋದಿದ್ಯಾ ಮೇಡಂ?" ಅಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಕಾನೂನಿನ ಟೀಚರ್ ಆಗಿಬಿಡುತ್ತೇನೇನೋ ಅಂತ ಹೆದರಿದ್ದಾಳೆ ಪಾಪ, ಅಂದುಕೊಂಡು ಹೆಡ್‌ಮಾಸ್ತರಿಗೆ ಕಾಣದಂತೆ ಕಣ್ಣು ಹೊಡೆದೆ.

"ಏನೂ ಇಲ್ಲ," ಅಂದೆ.

ಹೆಡ್‌ಮಾಸ್ತರು ಎದ್ದು ಬಂದು ಒಂದು ಕಾಗದವನ್ನು ನನ್ನ ಮುಂದೆ ಇಟ್ಟರು. ಅಡುಗೆಮನೆಯಲ್ಲಿ ಹಳೇ ಪೇಪರಿನ ಮೇಲೆ ತಮಾಷೆಯ ಹೆಸರು ಗೀಚುತ್ತಿದ್ದೆ. ಇಲ್ಲಿ ಮಾರ್ಕ್ಸ್ ಹಾಕುವವರು ಇದ್ದಾರಲ್ಲ, ಅಚ್ಚುಕಟ್ಟಾಗಿ ನನ್ನ ಹೆಸರನ್ನೇ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಓದುವ ಕನ್ನಡಕ ಚಿತ್ರಕಲೆಯ ಕೋಣೆಯಲ್ಲಿ ಉಳಿದಿತ್ತು. ಇದ್ದಿದ್ದರೂ ನಾನು ಓದುತ್ತಿರಲಿಲ್ಲ.

ಆಮೇಲೆ ನಕ್ಕೆ. "ಹೇಗಿತ್ತು ಸಾರ್? ಎಷ್ಟು ಮಾರ್ಕ್ಸ್ ನಮ್ಮ ಹುಡುಗಿಗೆ?"

ಹೆಡ್‌ಮಾಸ್ತರು ನಗಲಿಲ್ಲ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಇಷ್ಟು ಧೈರ್ಯವಾಗಿ ತಗೊಂಡ್ರಲ್ಲ ಮೇಡಂ, ದೊಡ್ಡ ಮನಸ್ಸು ನಿಮ್ದು. ಮನೆಯವರ ಬಾಯಲ್ಲಿ ಕೇಳಿದ್ರೆ ನೋವು ಕಮ್ಮಿ ಅಂತ್ಲೇ ನಾನು ಇವರ ಕೈಲಿ ಹೇಳಿಸಿದ್ದು," ಅಂದರು.

ನಾದಿನಿಯ ಕಡೆ ತಿರುಗಿದೆ. ಈಗ ಅವಳು ನೆಲ ನೋಡುತ್ತಿದ್ದಳು.

"ಬೇರೆ ಶಾಲೆ... ಸಾರ್, ನನಗೆ ಬೇರೆ ಶಾಲೆಯಲ್ಲಿ ಜಾಗ ಕೊಡಿ," ಅಂದೆ. "ಇದು ಪ್ರಾಕ್ಟೀಸು ಅಂದ್ಕೊಂಡೆ ಸಾರ್. ಅದಕ್ಕೇ ಕೇಳಲಿಲ್ಲ."

"ಸಹಿ ಆಗಿದೆಯಲ್ಲ ಮೇಡಂ," ಅಂದರು. ಮತ್ತೆ, ಅಭ್ಯಾಸ ಬಲ, "ನೋಡೋಣ."

ಸಂಜೆ ಅವಳು ಕೋರ್ಸಿಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಬೆಳಿಗ್ಗೇನೇ ಹೇಳ್ಬೇಕು ಅಂತಿದ್ದೆ ಅತ್ತಿಗೆ. ಬಾಯಿ ಬರಲಿಲ್ಲ. ಇದು ನಿಜದ್ದು ಅಂತ ನಿಂಗೆ ಗೊತ್ತಾಗಿದೆ ಅಂದ್ಕೊಂಡೆ."

"ಗೊತ್ತಾಗಿಲ್ಲ ಅಂತ ಯಾವಾಗ ತಿಳೀತು?"

ನಾನು ಒಲೆ ಆರಿಸಿದೆ. ಮತ್ತೆ ಕೇಳಿದೆ.

"ನೀನು ಕಣ್ಣು ಹೊಡೆದಾಗ," ಅಂದಳು.

ಸಹಿಗೆ ಮೊದಲು. ಒಂದೇ ಒಂದು ಮಾತು ಸಾಕಿತ್ತು. 'ಅತ್ತಿಗೆ' ಅಂತ ಒಂದು ಸಲ ಕರೆದಿದ್ದರೂ ಸಾಕಿತ್ತು.

"ಅಲ್ಲಿ ನಿಲ್ಲಿಸಿದ್ರೆ ನಾನು ಫೇಲ್ ಆಗ್ತಿದ್ದೆ ಅತ್ತಿಗೆ. ಒಂದು ವರ್ಷ ಪೂರ್ತಿ ನೀರಲ್ಲಿ ಹೋಮ."

ಇನ್ನು ನಾನು ಬದುಕಿರುವಷ್ಟು ದಿನ ಈ ಹುಡುಗಿಯ ಜೊತೆ ಇದೇ ಮನೆಯಲ್ಲಿ ಉಣ್ಣಬೇಕು, ಮಲಗಬೇಕು, ಬೆಳಿಗ್ಗೆ ಅವಳು ಶಾಲೆಗೆ ಹೊರಡುವುದನ್ನು ನಿಂತು ನೋಡಬೇಕು. ಅಲ್ಲೇ ನೆಲದ ಮೇಲೆ ಕೂತೆ.

ಅಷ್ಟರಲ್ಲಿ ನನ್ನ ಗಂಡ ಕೆಲಸ ಮುಗಿಸಿ ಬಂದರು. ಇಬ್ಬರ ಮುಖವನ್ನೂ ನೋಡಿ, "ಏನಾಯ್ತು?" ಅಂದರು.

"ನನ್ನ ಕೆಲಸ ಹೋಯ್ತು," ಅಂದೆ.

"ಹಾಂ? ಯಾರು ಹೇಳಿದ್ರು?"

ನಾದಿನಿ ತಲೆ ಎತ್ತಿ ನನ್ನ ಮುಖ ನೋಡಿದಳು. ಇವರಿಗೆ ತಂಗಿಯೆಂದರೆ ಜೀವ.

"ಹೆಡ್‌ಮಾಸ್ತರು," ಅಂದೆ.

ಅವಳು ಕಣ್ಣೊರೆಸಿಕೊಂಡು ಅಣ್ಣನಿಗೆ ತಟ್ಟೆ ಹಾಕಿದಳು.