ಸತ್ತ ಹಕ್ಕಿ ಸಿಗದ ಪಾರ್ಕು

ಊರಿನ ಆರು ಪಾರ್ಕುಗಳ ಪೈಕಿ ಐದರಲ್ಲಿ ಹಕ್ಕಿಗಳು ಸಾಯುತ್ತಿದ್ದವು. ಆರನೆಯದರಲ್ಲಿ ಮಾತ್ರ ಒಂದೂ ಸಾಯುತ್ತಿರಲಿಲ್ಲ. ಪಶು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಹೆಂಗಸಿನ ತಲೆಗೆ ಹುಳ ಹೊಕ್ಕಿದ್ದು ಇದರಿಂದಲೇ.

ಹಕ್ಕಿಜ್ವರ ಕಾಣಿಸಿಕೊಂಡು ಮೂರು ವಾರವಾಗಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಹೋಗಿ, ಬದುಕಿರುವ ಹಕ್ಕಿಗಳನ್ನು ಎಣಿಸಿ, ಸತ್ತದ್ದನ್ನು ಚೀಲಕ್ಕೆ ಹಾಕಿ ಲ್ಯಾಬಿಗೆ ತರುವುದು ಅವಳ ಕೆಲಸ. ಸತ್ತ ಮೂರು ಹಕ್ಕಿಗಳಲ್ಲಿ ರೋಗ ಖಚಿತವಾದರೆ ಪಾರ್ಕಿಗೆ ಬೀಗ. ಅವಳ ಮನೆಯಿಂದ ಎರಡೇ ರಸ್ತೆ ಆಚೆಗಿದ್ದ ಆ ಆರನೆಯ, ಕೊಳದ ಪಾರ್ಕಿನಲ್ಲಿ ಸೋಮವಾರ ಅರವತ್ತೆರಡು ಬಾತುಗಳಿದ್ದವು, ಬುಧವಾರ ಐವತ್ತೇಳು, ಶುಕ್ರವಾರ ಐವತ್ತೊಂದು. ಹಾರಿ ಹೋಗಿರಬೇಕು ಎಂದು ಪಶು ಆಸ್ಪತ್ರೆಯ ಡಾಕ್ಟರು ತಳ್ಳಿಹಾಕಿದರು. ಆದರೆ ಗುರುವಾರ ಸಂಜೆ ಒಂದು ಬಾತು ಕತ್ತು ತಿರುಚಿಕೊಂಡು, ರೆಕ್ಕೆ ಎತ್ತಲೂ ತ್ರಾಣವಿಲ್ಲದೆ ದಡದ ಹುಲ್ಲಿನಲ್ಲಿ ಕುಳಿತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮರುದಿನ ಅಲ್ಲಿ ಒಂದು ಪುಕ್ಕವೂ ಇರಲಿಲ್ಲ. ಅಂಥ ಹಕ್ಕಿ ಹಾರಿ ಹೋಯಿತೆಂದು ನಂಬಲು ಅವಳೇನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳೇ?

ಮೊದಲ ಅನುಮಾನ ಮಾಲಿಯ ಮೇಲೆ ಬಿತ್ತು. ಗೇಟಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಏನು ಕೇಳಿದರೂ "ನಮ್ಮ ಹಕ್ಕಿಗಳು ಗಟ್ಟಿ ಮೇಡಂ" ಎಂದು ನಗುತ್ತಿದ್ದ. ಗುಲಾಬಿ ಪಾತಿಯ ಪಕ್ಕ ಹೊಸದಾಗಿ ಅಗೆದ ಮಣ್ಣು ಕಂಡಾಗ ಅವಳು ತಡೆಯಲಾರದೆ ಅವನದೇ ಗುದ್ದಲಿ ತೆಗೆದುಕೊಂಡು ಕೆದಕಿದಳು. ಸಿಕ್ಕಿದ್ದು ಹನ್ನೆರಡು ಹೂವಿನ ಗೆಡ್ಡೆಗಳು. ಮಾಲಿ ಪಕ್ಕದಲ್ಲಿ ನಿಂತು ನೋಡಿದ. ಪರವಾಗಿಲ್ಲ, ಮತ್ತೆ ನೆಡುತ್ತೇನೆ ಎಂದ. ಆ ಸಮಾಧಾನವೂ ಅವಳಿಗೆ ನಾಟಕದಂತೆ ಕಂಡಿತು. ಅವನು ಹೆಣ ಮುಚ್ಚಿಡುತ್ತಿರುವ ಶಂಕೆಯಿದೆ ಎಂದು ಮೇಲಿನವರಿಗೆ ಬರೆದಳು. ಶನಿವಾರ ಅವನ ಕೈಗೆ ನೋಟೀಸು ಬಂತು.

ಲ್ಯಾಬಿನ ಜೊತೆಗಾತಿಯನ್ನೂ ಅವಳು ಬಿಡಲಿಲ್ಲ. ಅವಳು ಬ್ಯಾಗಿನಲ್ಲಿ ಒಯ್ಯುತ್ತಿದ್ದ ಕೈಗವಸಿನ ಡಬ್ಬ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತಲ್ಲ! ಮನೆಯಲ್ಲಾದರೂ ನೆಮ್ಮದಿಯಿತ್ತು. ಗಂಡ ಅವಳ ಕೆಲಸದ ಸುದ್ದಿ ಎತ್ತಿದರೆ ಮೂಗು ಮುಚ್ಚಿಕೊಳ್ಳುವವನು. ಅತ್ತೆ ಮಾತ್ರ ದಿನಾ ಊಟಕ್ಕೆ ಕುಳಿತಾಗ ಇವತ್ತು ಎಷ್ಟು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಅಕ್ಕರೆಯಿಂದ ಕೇಳುತ್ತಿದ್ದರು. ಕೈಗವಸು ಹಾಕುವುದು ಹೇಗೆ, ಎರಡು ಚೀಲ ಯಾಕೆ, ಗಂಟು ಹೇಗೆ ಎಂದು ಅವಳು ಹುರುಪಿನಿಂದ ತೋರಿಸಿಕೊಟ್ಟಿದ್ದಳು.

ಸೋಮವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬೆಳಗಿನ ಐದೂವರೆಗೇ ಪಂಪ್‌ಹೌಸಿನ ಹಿಂದೆ ಹೋಗಿ ನಿಂತಳು. ಮಾಲಿ ಗೇಟು ತೆರೆದು, ಪೊರಕೆ ಹಿಡಿದು ಎದುರು ದಿಕ್ಕಿಗೆ ಹೋದ. ಕೊಳದ ಹತ್ತಿರ ಸುಳಿಯಲೂ ಇಲ್ಲ. ವಾಕಿಂಗಿನವರು ಒಬ್ಬೊಬ್ಬರಾಗಿ ಬಂದರು. ಅವರ ಪೈಕಿ ತಲೆಗೆ ಶಾಲು ಹೊದ್ದ ಹೆಂಗಸೊಬ್ಬರು ಗುಂಪು ಬಿಟ್ಟು ಜೊಂಡಿನ ಕಡೆ ಇಳಿದರು. ಕೈಗವಸಿಗೆ ಫೂ ಎಂದು ಊದಿ, ಬೆರಳು ಬಿಡಿಸಿ ತೊಟ್ಟರು. ಕೋಲಿನಿಂದ ಒಂದು ಸತ್ತ ಬಾತನ್ನು ಎಳೆದು ಚೀಲಕ್ಕೆ ಹಾಕಿದರು, ಆ ಚೀಲವನ್ನು ಇನ್ನೊಂದಕ್ಕೆ. ಗಂಟು ಅಚ್ಚುಕಟ್ಟಾಗಿತ್ತು.

ಊದುವ ರೀತಿ ಅವಳದೇ. ಕಲಿಸಿದವಳೂ ಅವಳೇ.

"ಅತ್ತೆ," ಎಂದಳು, ಹತ್ತಿರ ಹೋಗಿ.

ಅತ್ತೆ ಬೆಚ್ಚಲಿಲ್ಲ. ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತರು. ಎಷ್ಟಾಯಿತು ಎಂದು ಕೇಳಿದರೆ, ಇದು ಸೇರಿ ಹನ್ನೊಂದು, ಉಳಿದದ್ದೆಲ್ಲ ಹಿಂದಿನ ರಸ್ತೆಯ ಕಸದ ಗಾಡಿಗೆ ಹೋಯಿತು ಎಂದರು.

"ನಿಮಗೇ ರೋಗ ಅಂಟಿದ್ರೆ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಮುಚ್ಚಿಸ್ತಿದ್ದೆ. ಹೋದ ಸಲ ಹೂಳು ತೆಗೀತೀವಿ ಅಂತ ನಾಲ್ಕು ತಿಂಗಳು ಬೀಗ ಹಾಕಿದ್ರು. ಮುಚ್ಚೋವಾಗ ನಾವು ಒಂಬತ್ತು ಜನ ಇದ್ವಿ ಕಣೆ. ತೆಗೆದಾಗ ಆರೇ ಜನ. ಒಬ್ಬಳು ಹಾಸಿಗೆ ಹಿಡಿದ್ಲು, ಇಬ್ಬರು ಹೋಗೇಬಿಟ್ಟರು. ಯಾವಾಗ ಹೋದರು ಅಂತಲೂ ನಮಗೆ ಗೊತ್ತಾಗಲಿಲ್ಲ."

ಮನೆಯಲ್ಲಿ ಸಿಕ್ಕ ಅಕ್ಕರೆಯಲ್ಲಿ ನಿಜವಾದದ್ದೆಷ್ಟು, ಸುದ್ದಿ ಕೀಳಲೆಂದು ತೋರಿಸಿದ್ದೆಷ್ಟು ಎಂಬ ಪ್ರಶ್ನೆ ಅವಳ ಎದೆಗೆ ಮುಳ್ಳಿನಂತೆ ಚುಚ್ಚಿತು. ಚೀಲ ತೆಗೆದುಕೊಂಡು, ಅತ್ತೆಯ ಕೈಗೆ ಔಷಧಿ ಸಿಂಪಡಿಸಿ, ಅವರನ್ನು ನೇರ ಊರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಮಧ್ಯಾಹ್ನ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮನೆಯವರ ಹೆಸರು ಬರೆಯಲೇಬೇಕೇ ಎಂದು ಲ್ಯಾಬಿನಲ್ಲಿ ಡಾಕ್ಟರೇ ಕೇಳಿದರು. ಬರೆಯದಿದ್ದರೆ ಮಾಲಿಯ ಮೇಲಿನ ನೋಟೀಸು ಹಾಗೇ ಉಳಿಯುತ್ತಿತ್ತು. ಜೊಂಡಿನಲ್ಲಿ ಹುಡುಕಿದಾಗ ಮತ್ತೆ ಎರಡು ಹೆಣ ಸಿಕ್ಕಿದವು. ಮೂರರಲ್ಲೂ ರೋಗವಿತ್ತು. ಪಾರ್ಕಿಗೆ ಇಪ್ಪತ್ತೊಂದು ದಿನ ಬೀಗ ಬಿತ್ತು. ಅತ್ತೆ ಹತ್ತು ದಿನ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ತಟ್ಟೆಯನ್ನು ಬಾಗಿಲಲ್ಲಿಟ್ಟರೆ ತೆಗೆದುಕೊಳ್ಳುತ್ತಿದ್ದರು, ಮಾತಿಲ್ಲ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ದಿನ ಅವಳು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅತ್ತೆ ಬಾಗಿಲು ತೆರೆದು, "ಆ ಐದು ಜನಕ್ಕೆ ಫೋನ್ ಮಾಡಿಕೊಡು," ಎಂದರು. ಆಮೇಲೆ ದಿನಾ ಅವಳೇ ನಂಬರು ಒತ್ತಿಕೊಟ್ಟಳು.

ಮಾಲಿಯ ಹತ್ತಿರ ಹೋಗಿ ತಪ್ಪಾಯಿತು ಎನ್ನಲು ಅವಳಿಗೆ ಒಂದು ವಾರ ಹಿಡಿಯಿತು. ಅವನು ಮುಚ್ಚಿದ ಗೇಟಿಗೆ ಬಣ್ಣ ಬಳಿಯುತ್ತಿದ್ದ.

"ಅವರೇ ಅಂತ ನನಗೆ ಮೊದಲೇ ಗೊತ್ತಿತ್ತು ಮೇಡಂ," ಎಂದ, ಕುಂಚ ನಿಲ್ಲಿಸದೆ.

"ಮತ್ತೆ ನೋಟೀಸು ಬಂದಾಗಲಾದರೂ ಹೇಳಬಾರದಿತ್ತಾ?"

"ಹೆಂಗೆ ಹೇಳಲಿ? ಹೇಳಿದ್ರೆ ನೀವು ನಂಬ್ತಿದ್ರಾ?"

ಖಂಡಿತ ನಂಬುತ್ತಿರಲಿಲ್ಲ. ತಪ್ಪಿಸಿಕೊಳ್ಳಲು ವಯಸ್ಸಾದವರ ಮೇಲೆ ಹಾಕುತ್ತಿದ್ದಾನೆ ಎಂದು ಇನ್ನೊಂದು ಕಾಗದ ಬರೆಯುತ್ತಿದ್ದಳು. ಅವನಿಗೆ ಗೊತ್ತಿತ್ತೆಂಬ ಮಾತನ್ನು ಅವಳು ಡಾಕ್ಟರಿಗೂ ಹೇಳಲಿಲ್ಲ, ವರದಿಗೂ ಸೇರಿಸಲಿಲ್ಲ.